5 ಕಿ.ಮೀ. ಓಡೋಕೆ 7 ಕಿ.ಮೀ. ಸೈಕಲ್

"ಓಡೋಕೆ ಹೋಗೋದಕ್ಕೂ ಕಾರ್ ಬೇಕೇನ್ರೀ?" ಅಂತ ಹೆಂಡತಿ ಕೇಳಿದ್ದು ಒಂದು ಶನಿವಾರ ಬೆಳಿಗ್ಗೆ. ಕಾರ್ ಗಾಜಿನ ಮೇಲೆ ಕಟ್ಟಿದ್ದ ಮಂಜುಗಡ್ಡೆಯನ್ನು ನಾನು ಯಾವುದೋ ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆಯುತ್ತಿದ್ದೆ. ಆಗಲೇ ಎಂಟೂವರೆ. ಏನು ಹೇಳಬೇಕೋ ತೋಚಲಿಲ್ಲ. ಕೆರೆಯುತ್ತಲೇ ಇದ್ದೆ.

ನಾವಿರುವುದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ, ಊರಿನ ಪಶ್ಚಿಮ ಕಡೆ. ಪೂರ್ವ ಕಡೆ ವಿಲ್ಲೆನ್ ಅಂತ ಒಂದು ಕೆರೆ ಇದೆ (ಸಿನಿಮಾ ವಿಲನ್ ಅಲ್ಲ). ಪ್ರತಿ ಶನಿವಾರ 9 ಗಂಟೆಗೆ ಅಲ್ಲಿ ಪಾರ್ಕ್‌ರನ್. 5 ಕಿ.ಮೀ. ದೂರ, ಫೀಸು ಗೀಸು ಏನೂ ಇಲ್ಲ. ಒಂದು ಸಲ ಹೆಸರು ನೋಂದಾಯಿಸಿ ಬಾರ್‌ಕೋಡ್ ಇಟ್ಟುಕೊಂಡರೆ ಸಾಕು, ಯಾವ ಊರಿನ ಪಾರ್ಕ್‌ರನ್‌ಗೆ ಬೇಕಾದರೂ ಹೋಗಿ ಓಡಬಹುದು. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 13 ಜನ ಓಡಿ ಶುರುಮಾಡಿದ್ದು ಇದು. ಎಲ್ಲರ ಹಿಂದೆ ನಡೆದುಕೊಂಡು ಬರೋಕೆ ಅಂತಲೇ ಒಬ್ಬ ಸ್ವಯಂಸೇವಕರು ಇರುತ್ತಾರೆ. ಹಾಗಾಗಿ ಎಷ್ಟು ನಿಧಾನ ಓಡಿದರೂ ಕೊನೆಯವರು ನೀವಲ್ಲ. ನಾನು ಧೈರ್ಯ ಮಾಡಿ ಸೇರಿದ್ದೇ ಅದಕ್ಕೆ.

ಹೆಂಡತಿ ಕೇಳಿದ ಮೇಲೆ ಲೆಕ್ಕ ಹಾಕಿದೆ. ಮನೆಯಿಂದ ಕೆರೆಗೆ ಹತ್ತಿರ ಹತ್ತಿರ 7 ಕಿ.ಮೀ. ಕಾರಲ್ಲಿ ಹದಿನೈದು ನಿಮಿಷ. ಗಾಜು ಕೆರೆಯೋಕೆ ಐದು, ನಿಲ್ಲಿಸೋಕೆ ಜಾಗ ಹುಡುಕಿ ಪಾರ್ಕಿಂಗ್ ದುಡ್ಡು ಕಟ್ಟೋಕೆ ಇನ್ನೊಂದು ಹತ್ತು. ಸೈಕಲ್ಲಲ್ಲಿ ಹೋದರೂ ಅಷ್ಟೇ ಅಲ್ವಾ?

ಈ ಊರಲ್ಲಿ ಸೈಕಲ್ ಹೊಡೆಯೋರಿಗೆ ಒಂದು ಪುಣ್ಯ ಇದೆ, ರೆಡ್‌ವೇ. ಕೆಂಪು ಟಾರಿನ ದಾರಿ, ನಡೆಯುವವರಿಗೂ ಸೈಕಲ್ಲಿಗೂ ಸೇರಿ. ಊರಿಡೀ 200 ಕಿ.ಮೀ.ಗೂ ಜಾಸ್ತಿ ಇದೆ. ಇಲ್ಲಿನ ದೊಡ್ಡ ರಸ್ತೆಗಳೆಲ್ಲ ಚೌಕಾಬಾರದ ಮನೆಗಳ ಹಾಗೆ ಅಡ್ಡ ಉದ್ದ ಹಾಕಿದ್ದು. ಅಡ್ಡದವಕ್ಕೆ ಎಚ್, ಉದ್ದದವಕ್ಕೆ ವಿ ಅಂತ ನಂಬರ್. ರೆಡ್‌ವೇ ಆ ರಸ್ತೆಗಳನ್ನು ಹೆಚ್ಚಾಗಿ ಅಂಡರ್‌ಪಾಸ್‌ನಲ್ಲಿ ದಾಟುತ್ತದೆ. ಸಿಗ್ನಲ್ ಇಲ್ಲ, ಪಕ್ಕದಲ್ಲಿ ಲಾರಿ ಇಲ್ಲ. ಸುಮ್ನೆ ಹೋಗುತ್ತಾ ಇರಬಹುದು. ದಾರಿ ತಪ್ಪದಿದ್ದರೆ.

ನಾನು ಮೊದಲನೇ ದಿನವೇ ತಪ್ಪಿದೆ. ಮರ, ಪೊದೆ, ಅಂಡರ್‌ಪಾಸ್, ಮತ್ತೆ ಮರ. ಎಲ್ಲಾ ಒಂದೇ ಥರ. ಮೂರನೇ ಅಂಡರ್‌ಪಾಸ್ ದಾಟಿ ಎಡಕ್ಕೆ ಹೋಗಬೇಕಿತ್ತು, ಬಲಕ್ಕೆ ಹೋಗಿ ಯಾರದೋ ಗ್ಯಾರೇಜುಗಳ ಮುಂದೆ ನಿಂತಿದ್ದೆ. ಕೆರೆ ಸೇರುವಷ್ಟರಲ್ಲಿ ಎಲ್ಲರೂ ಓಡಲು ಶುರುಮಾಡಿಯಾಗಿತ್ತು. ಬೀಗ ಹಾಕಿ ಹಿಂದೆ ಓಡಿದೆ. ಆಮೇಲೆ ಒಂದು ಭಾನುವಾರ ಅರ್ಜೆಂಟಿಲ್ಲದೆ ಅದೇ ದಾರಿಯಲ್ಲಿ ಹೋಗಿ ಬಂದೆ, ತಿರುವುಗಳು ತಲೆಯಲ್ಲಿ ಕೂತವು. ಸೈಕಲ್ಲಲ್ಲಿ ಹೋಗಬೇಕು ಅನ್ನುವವರು ಈ ಕೆಲಸ ಮೊದಲೇ ಮಾಡಿಕೊಳ್ಳಿ.

ಎರಡನೇ ತಪ್ಪು ಹುಮ್ಮಸ್ಸಿನದು. ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ಗಂಟೆಗಿಷ್ಟು ಅಂತ ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಒಳಪೆಡಲು ಹೊಡೆದವನು ನಾನು. ಬಾಡಿಗೆ ಸೈಕಲ್ ಅಂದರೆ ಒಂದು ನಿಮಿಷವೂ ದಂಡ ಮಾಡುವ ಹಾಗಿಲ್ಲ, ಜೋರಾಗಿಯೇ ಹೊಡೆಯಬೇಕು. ಆ ಚಾಳಿ ಇನ್ನೂ ಹೋಗಿಲ್ಲ. ಊರ ನಡುವಿನ ಏರನ್ನು ಒಂದೇ ದಮ್ಮಿಗೆ ಹತ್ತಿ, ಕ್ಯಾಂಪ್‌ಬೆಲ್ ಪಾರ್ಕ್ ಇಳಿಜಾರಲ್ಲಿ ಜುಮ್ಮಂತ ಇಳಿದು ಕೆರೆ ಸೇರಿದರೆ ತೊಡೆ ಕಲ್ಲಾಗಿರುತ್ತಿತ್ತು. ಓಟದ ಮೊದಲನೇ ಕಿಲೋಮೀಟರಿಗೇ ಕಾಲು ಮಾತು ಕೇಳುತ್ತಿರಲಿಲ್ಲ. ಈಗ ಹಗುರ ಗೇರಿನಲ್ಲಿ, ಮಾತಾಡಿಕೊಂಡು ಹೋಗಬಹುದಾದಷ್ಟು ನಿಧಾನ ಹೋಗುತ್ತೇನೆ. 8 ಗಂಟೆ 20ಕ್ಕೆ ಮನೆ ಬಿಟ್ಟರೆ ಬೀಗ ಹಾಕಿ, ಜಾಕೆಟ್ ಬಿಚ್ಚಿ, ಒಂದೆರಡು ನಿಮಿಷ ಹರಟೆ ಹೊಡೆಯೋಕೂ ಸಮಯ ಸಿಗುತ್ತದೆ. ಬೇರೆ ವಾರ್ಮ್‌ಅಪ್ ಬೇಕಾಗುವುದಿಲ್ಲ.

ಆದರೆ ನಿಜವಾದ ಕಷ್ಟ ವಾಪಸ್ ಬರುವಾಗ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಓಡಿ ಮುಗಿಸಿದಾಗ ಮೈಯೆಲ್ಲ ಬೆವರು, ಸೆಕೆ. ಟೋಕನ್ ಇಸಕೊಂಡು, ಬಾರ್‌ಕೋಡ್ ಸ್ಕ್ಯಾನ್ ಮಾಡಿಸಿಕೊಂಡು, ಅವರಿವರ ಜೊತೆ ನಿಂತು ಮಾತಾಡುವಷ್ಟರಲ್ಲಿ ಬನಿಯನ್ ಬೆನ್ನಿಗೆ ಅಂಟಿಕೊಂಡು ತಣ್ಣಗಾಗಿರುತ್ತದೆ. ಆಮೇಲೆ ಸೈಕಲ್ ಹತ್ತಿದರೆ ಎದುರುಗಾಳಿ. ಜನವರಿಯ ಒಂದು ಶನಿವಾರ ಬೆರಳು ಎಷ್ಟು ಮರಗಟ್ಟಿತ್ತೆಂದರೆ, ಮನೆ ಬಾಗಿಲಿಗೆ ಬಂದು ಬೀಗದ ಕೈ ತಿರುಗಿಸಲು ಆಗದೆ ಮೊಣಕೈಯಿಂದ ಬೆಲ್ ಒತ್ತಿದೆ. ಹೆಂಡತಿ ಬಾಗಿಲು ತೆಗೆದು ಏನೂ ಕೇಳಲಿಲ್ಲ, ಬಿಸಿನೀರಿನ ಲೋಟ ಕೈಗಿಟ್ಟಳು.

ಅವತ್ತಿನಿಂದ ಸೈಕಲ್ ಬ್ಯಾಗಿನಲ್ಲಿ ಒಂದು ಒಣ ಬನಿಯನ್, ದಪ್ಪ ಕೈಗವಸು, ಕಿವಿ ಮುಚ್ಚುವ ಟೋಪಿ. ಓಡಿ ಮುಗಿಸಿದ ಕೂಡಲೇ, ಮಾತಿಗೆ ಮುಂಚೆ, ಬನಿಯನ್ ಬದಲಾಯಿಸುತ್ತೇನೆ. ಬಯಲಲ್ಲಿ ಅಂಗಿ ಬಿಚ್ಚೋಕೆ ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ನೋಡಿದರೆ ಯಾರೂ ತಿರುಗಿಯೂ ನೋಡುವುದಿಲ್ಲ. ಫ್ಲಾಸ್ಕಲ್ಲಿ ಕಾಫಿ ಇರುತ್ತದೆ. ಎರಡು ಗುಟುಕು ಕುಡಿದು ಹೊರಟರೆ ಏರು ಹತ್ತಬಹುದು.

ಎಲೆ ಉದುರುವ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಒದ್ದೆ ಎಲೆ ಬಾಳೆಸಿಪ್ಪೆ ಇದ್ದ ಹಾಗೆ. ಅಂಡರ್‌ಪಾಸ್ ಒಳಗೆ ಹೋಗುವ ತಿರುವಿನಲ್ಲಿ ಎದುರಿಗೆ ಬರುವವರು ಕಾಣುವುದಿಲ್ಲ, ಬೆಲ್ ಹೊಡೆದು ನಿಧಾನ ಮಾಡಲೇಬೇಕು. ನಾನು ಬ್ರೇಕ್ ಜೋರಾಗಿ ಹಿಡಿದು ಒಂದು ಸಲ ಜಾರಿ ಬಿದ್ದಿದ್ದೇನೆ. ಮಂಡಿ ತರಚಿತು ಅಷ್ಟೇ. ಎದುರಿಗೆ ಬಂದ ಅಜ್ಜಿಯ ನಾಯಿ ಬಂದು ಮುಖ ಮೂಸಿ ಹೋಯಿತು.

ಹಿಮ ಕಟ್ಟಿದ ದಿನ ನಾನು ಸೈಕಲ್ ತೆಗೆಯುವುದಿಲ್ಲ, ಕಾರನ್ನೂ ತೆಗೆಯುವುದಿಲ್ಲ. ಒಂದು ಸಲ ಫೋನ್ ನೋಡದೆ ಹೊರಟು, ಹುಷಾರಾಗಿ 7 ಕಿ.ಮೀ. ತುಳಿದು ಹೋದರೆ ಕೆರೆ ದಂಡೆಯಲ್ಲಿ ಬಾತುಕೋಳಿ ಬಿಟ್ಟರೆ ಯಾರೂ ಇಲ್ಲ. ದಾರಿ ಜಾರುತ್ತದೆ ಅಂತ ಅವತ್ತಿನ ಓಟ ರದ್ದಾಗಿತ್ತು. ಅಂಥ ದಿನ ಬೆಳಿಗ್ಗೆ ಸುದ್ದಿ ಹಾಕಿರುತ್ತಾರೆ, ನೋಡಿಕೊಂಡು ಹೊರಡುವುದು ನಮ್ಮ ಕೆಲಸ. ಅಷ್ಟು ದೂರ ಹೋದವನು ಕೆರೆ ಆಚೆಯ ಶಾಂತಿ ಪಗೋಡಾದವರೆಗೆ ಸೈಕಲ್ ತಳ್ಳಿಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು ಬಂದೆ. ಕಾರಲ್ಲಿ ಹೋಗಿದ್ದರೆ ಸಿಟ್ಟು ಮಾಡಿಕೊಂಡು ಅಲ್ಲಿಂದಲೇ ತಿರುಗಿಸುತ್ತಿದ್ದೆ ಅನಿಸುತ್ತದೆ.

ಬೇಸಿಗೆಯಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ವಾಪಸ್ ಬರುವಾಗ ಕ್ಯಾಂಪ್‌ಬೆಲ್ ಪಾರ್ಕಿನಲ್ಲಿ ಕುರಿ ಮೇಯುತ್ತಿದ್ದರೆ ಇಳಿದು ನಿಲ್ಲುತ್ತೇನೆ. ಊರ ಮಧ್ಯದಲ್ಲಿ, ಆಫೀಸುಗಳ ಪಕ್ಕದಲ್ಲೇ ಕುರಿ. ಈಚೆಗೆ ಮಗಳೂ ತನ್ನ ಸೈಕಲ್ಲಲ್ಲಿ ಜೊತೆಗೆ ಬರುತ್ತಿದ್ದಾಳೆ. ಓಟಕ್ಕಲ್ಲ, ಕುರಿಗೆ. "ಅಪ್ಪಾ, ನಿನ್ ಬೆನ್ ಮೇಲೆ ಕೆಸರಿನ ಗೆರೆ" ಅಂತ ಹಿಂದಿನಿಂದ ಕೂಗುತ್ತಿರುತ್ತಾಳೆ. ಮಡ್‌ಗಾರ್ಡ್ ಹಾಕಿಸಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಈ ಶನಿವಾರವೂ ಮಳೆಯಂತೆ.