ಘಾಟಿ ಹತ್ತುವ ಕ್ಯಾಂಪರ್ ವ್ಯಾನ್: ಮಾನ ಹೋಗುವ ಜಾಗಗಳು

ಮಂಗಳೂರಿನಲ್ಲಿ ಬಿಗಿಯಾಗಿ ಮುಚ್ಚಿದ, ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಗಾಡಿ) ಪೋರ್ಟಬಲ್ ಟಾಯ್ಲೆಟ್ಟನ್ನು ಚಾರ್ಮಾಡಿ ಹತ್ತಿ ಬಂದ ಮೇಲೆ ಒಮ್ಮೆಲೇ ತೆರೆಯಬೇಡಿ. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ನೂರಕ್ಕೆ ಹತ್ತರಷ್ಟಾದರೂ ಕಡಿಮೆ. 1,930 ಮೀಟರಿನ ಮುಳ್ಳಯ್ಯನಗಿರಿ ತುದಿಯಲ್ಲಂತೂ ಸುಮಾರು ಐದನೇ ಒಂದು ಪಾಲು ಕಡಿಮೆ. ಕೆಳಗಿನ ಟ್ಯಾಂಕಿನಲ್ಲಿ ಕಡಲತೀರದ ಒತ್ತಡದಲ್ಲೇ ಸಿಕ್ಕಿಬಿದ್ದ ಗಾಳಿಗೆ ತಿರುವುಗಳ ಕುಲುಕಾಟದಲ್ಲಿ ಎದ್ದ ಗ್ಯಾಸೂ ಸೇರಿರುತ್ತದೆ. ಬಟ್ಟಲಿಗೂ ಟ್ಯಾಂಕಿಗೂ ನಡುವಿನ ಅಡ್ಡಬಾಗಿಲಿನ ಹಿಡಿ ಎಳೆದ ಕೂಡಲೇ ಒಳಗಿನದು ಮುಖಕ್ಕೇ ಚಿಮ್ಮುತ್ತದೆ.

ಮೊದಲು ಮೇಲಿನ ಮುಚ್ಚಳ ಹಾಕಿ. ಬಟ್ಟಲಿನಲ್ಲಿ ನೀರು ನಿಂತಿರಬಾರದು. ಆಮೇಲೆ ಹಿಡಿಯನ್ನು ಕೂದಲೆಳೆಯಷ್ಟು ಎಳೆದು, ಬುಸ್ ಶಬ್ದ ನಿಲ್ಲುವವರೆಗೆ ಕಾದು, ಪೂರ್ತಿ ತೆರೆಯಿರಿ. ಟ್ಯಾಂಕ್ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ. ಸುರಿಯುವಾಗ ಟ್ಯಾಂಕಿನ ಪಕ್ಕದಲ್ಲಿರುವ, ಒಳಕ್ಕೆ ಗಾಳಿ ಬಿಡುವ ಬಟನ್ ಒತ್ತಿ ಹಿಡಿದಿರಿ. ಬಿಟ್ಟರೆ ಒಳಕ್ಕೆ ಗಾಳಿ ಹೋಗದೆ ಗುಳುಕ್ ಗುಳುಕ್ ಎಂದು ನಿಮ್ಮ ಚಪ್ಪಲಿಗೇ ಎರಚುತ್ತದೆ. ಸುರಿಯುವುದು ತಂಗಿದಲ್ಲಿನ ಮನೆಯವರನ್ನು ಕೇಳಿ, ಅವರ ಪಾಯಿಖಾನೆಗೆ ಮಾತ್ರ. ಹಳ್ಳ, ತೋಟದ ಕೆರೆ, ಚರಂಡಿ ಇವುಗಳ ಸುದ್ದಿಗೇ ಹೋಗಬೇಡಿ. ಟ್ಯಾಂಕಿಗೆ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುವ ನೀಲಿ ದ್ರಾವಣ ಬಳಸಿದ್ದರೆ ಅವರ ಪಾಯಿಖಾನೆ ಗುಂಡಿಯಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತದೆ, ಅದನ್ನೂ ಮುಂಚೆಯೇ ಹೇಳಿಬಿಡಿ.

ಇನ್ನು ಎತ್ತರ. ಗಾಡಿಯ ಕಾಗದದಲ್ಲಿ ಬರೆದಿರುವುದು ಬೋಳು ಗಾಡಿಯ ಎತ್ತರ. ಸೋಲಾರ್ ಪ್ಯಾನೆಲ್, ಗಾಳಿಕಿಂಡಿ, ಕ್ಯಾರಿಯರ್ ಕೂತ ಮೇಲೆ ಅದಕ್ಕೆ ಅರ್ಥವಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಲ್ಲಕ್ಕಿಂತ ಮೇಲಿರುವ ಭಾಗದ ಮೇಲೆ ನೇರವಾದ ರೀಪು ಅಡ್ಡ ಇಟ್ಟು, ಅದರ ತುದಿಯಿಂದ ನೆಲಕ್ಕೆ ಟೇಪ್ ಬಿಡಿ. ಬಂದ ಅಳತೆಗೆ 15 ಸೆಂ.ಮೀ. ಕೂಡಿಸಿ ಸ್ಟೀರಿಂಗ್ ಎದುರು ಅಂಟಿಸಿ. ಹೋಂಸ್ಟೇ ಕಮಾನುಗಳ ಮೇಲೆ ಹೆಸರು ದೊಡ್ಡದಾಗಿರುತ್ತದೆ, ಎತ್ತರ ಬರೆದಿರುವುದಿಲ್ಲ. ತೋಟದ ದಾರಿಯಲ್ಲಿ ಕರೆಂಟ್ ತಂತಿ ಜೋತುಬಿದ್ದಿದ್ದರೆ ಕೋಲಿನಿಂದ ಎತ್ತಿ ದಾಟಿಸಲು ಹೋಗಬೇಡಿ, ಹಿಂದಕ್ಕೆ ತೆಗೆಯಿರಿ.

ಕೊಟ್ಟಿಗೆಹಾರದಿಂದಲೋ ಸಕಲೇಶಪುರದಿಂದಲೋ ಕೆಳಗಿಳಿಯುವಾಗ, ಅದೇ ಏರು ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಮೇಲೆ ಕಾಲು ಊರಿಕೊಂಡೇ ಇರಬೇಡಿ. ಒತ್ತಿ, ವೇಗ ಇಳಿಸಿ, ಬಿಡಿ. 60 ಲೀಟರ್ ನೀರು ಎಂದರೆ 60 ಕೆ.ಜಿ.; ಇಳಿಯುವಾಗ ಅಷ್ಟು ಹೊರೆ ಬೇಕಿಲ್ಲ, ಕೆಳಗೂ ನೀರು ಸಿಗುತ್ತದೆ. ಸುಟ್ಟ ವಾಸನೆ ಬಂದರೆ ಸಮತಟ್ಟು ಸಿಕ್ಕಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಅರ್ಧ ಗಂಟೆ ಬಿಡಿ. ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗುತ್ತದೆ. ಹಿಂದಿನಿಂದ ಹಾರ್ನ್ ಹೊಡೆಯುವವರಿಗೆ ದಾರಿ ಬಿಟ್ಟರಾಯಿತು.

ಕಪಾಟಿಗೆ ಬರೀ ಮ್ಯಾಗ್ನೆಟ್ ಸಾಲದು. ಎರಡನೇ ತಿರುವಿಗೇ ಬಾಗಿಲು ತೆರೆದು ಚಟ್ನಿಪುಡಿ ಡಬ್ಬ ಹಾಸಿಗೆ ಮೇಲಿರುತ್ತದೆ. ಒತ್ತಿದರೆ ಮಾತ್ರ ಬಿಡುವ ಲಾಕ್ ಹಾಕಿಸಿ, ಕುಕ್ಕರಿನಂಥ ಭಾರದ್ದನ್ನು ನೆಲಮಟ್ಟದಲ್ಲಿಡಿ.

ಮಳೆಗಾಲದಲ್ಲಿ ತೋಟದ ಕೆಮ್ಮಣ್ಣಿನ ಮೇಲೆ ರಾತ್ರಿ ನಿಲ್ಲಿಸುವುದಾದರೆ ಗಾಡಿಯ ಮೂತಿ ದಾರಿಯ ಕಡೆಗಿರಲಿ. ಚಕ್ರ ಹೂತರೆ ಆಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಎಳೆಯುವ ಚಕ್ರದ ಮುಂದೆ ಮಣ್ಣು ಕೆರೆದು, ಗೋಣಿಚೀಲ ಹಾಸಿ, ಎರಡನೇ ಗೇರಿನಲ್ಲಿ ನಿಧಾನ ಕ್ಲಚ್ ಬಿಡಿ. ತಳ್ಳುವವರು ಚಕ್ರದ ನೇರಕ್ಕೆ ನಿಲ್ಲಬಾರದು, ಗೋಣಿ ಹಿಂದಕ್ಕೆ ಚಿಮ್ಮುತ್ತದೆ.