ಲ್ಯಾಬಿನ ಫೈಲ್ ಸರ್ವರ್‌ಗೆ ವೇಗ ಬಂದದ್ದು ಹೇಗೆ

ತುಮಕೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವೂ ಲಿನಕ್ಸ್ ಮೆಷಿನ್‌ಗಳು. ವಿದ್ಯಾರ್ಥಿಗಳ ಹೋಮ್ ಫೋಲ್ಡರ್‌ಗಳೆಲ್ಲ ಎನ್‌ಎಫ್‌ಎಸ್ ಮೂಲಕ, ಅಂದರೆ ಬೇರೆ ಮೆಷಿನ್ನಿನ ಫೋಲ್ಡರನ್ನು ನೆಟ್‌ವರ್ಕ್ ಮೇಲೆ ಬಳಸುವ ವ್ಯವಸ್ಥೆಯ ಮೂಲಕ, ಒಂದೇ ಸರ್ವರ್‌ನಿಂದ ಬರುತ್ತವೆ. ಒಬ್ಬಿಬ್ಬರು ಕೂತರೆ ಏನೂ ತೊಂದರೆಯಿಲ್ಲ. ಇಡೀ ಬ್ಯಾಚ್ ಒಟ್ಟಿಗೆ ಲಾಗಿನ್ ಆದರೆ ಮಾತ್ರ "ಸರ್, ಹ್ಯಾಂಗ್ ಆಗಿದೆ" ಅಂತ ಮೂಲೆಮೂಲೆಯಿಂದ ಕೂಗು.

ಮೆಷಿನ್‌ಗಳ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಸ್ವಿಚ್ ಹೊಸದು ಹಾಕಿಸಿ ಅಂದವರೇ ಜಾಸ್ತಿ. ನಾನು ಮೊದಲು ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್ ಓಡಿಸಿ ನೋಡಿದೆ. ಹೆಚ್ಚಿನ ಮೆಷಿನ್‌ಗಳಲ್ಲಿ ಸೆಕೆಂಡಿಗೆ 940 ಮೆಗಾಬಿಟ್ ಬಂತು. ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಇದಕ್ಕಿಂತ ಜಾಸ್ತಿ ಸಿಗಲ್ಲ. ಕಿಟಕಿ ಪಕ್ಕದ ಕೆಲವು ಮೆಷಿನ್‌ಗಳು ಮಾತ್ರ 94ಕ್ಕೇ ನಿಂತಿದ್ದವು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿ ಬೇಕು. ಒಂದು ಜೋಡಿ ಕೈಕೊಟ್ಟರೂ ಲಿಂಕ್ ತೆಪ್ಪಗೆ 100ಕ್ಕೆ ಇಳಿದುಬಿಡಬಹುದು. ಆ ಕೇಬಲ್‌ಗಳ ತುದಿಗೆ ಹೊಸ ಪ್ಲಗ್ ಕ್ರಿಂಪ್ ಮಾಡಿದೆ, ಸರಿಹೋಯಿತು. ಆದರೆ ಲಾಗಿನ್ ಕೂಗು ನಿಲ್ಲಲಿಲ್ಲ.

ನಿಜವಾದ ತೊಡಕು ಡಿಸ್ಕ್‌ನಲ್ಲಿತ್ತು. ಬ್ಯಾಚ್ ಬರುವ ಹೊತ್ತಿಗೆ ಸರ್ವರ್‌ನಲ್ಲಿ ಡಿಸ್ಕ್ ಎಷ್ಟು ಬಿಜಿ ಅಂತ ತೋರಿಸುವ ಐಒಸ್ಟ್ಯಾಟ್ ಹಾಕಿದರೆ ಹಾರ್ಡ್ ಡಿಸ್ಕ್ 100 ಪರ್ಸೆಂಟ್ ಬಿಜಿ; ಅತ್ತ ನೆಟ್‌ವರ್ಕ್ ಹೆಚ್ಚುಕಮ್ಮಿ ಖಾಲಿ. ಲಾಗಿನ್ ಅಂದರೆ ದೊಡ್ಡ ಫೈಲ್ ಅಲ್ಲ, ಲೆಕ್ಕವಿಲ್ಲದಷ್ಟು ಸಣ್ಣ ಫೈಲುಗಳು. ಬ್ರೌಸರ್ ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಫೈಲುಗಳು, ಅಂದರೆ ಅದರ ಕ್ಯಾಶ್, ಒಂದೇ ಸಾಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಅಲ್ಲಿಲ್ಲಿ ಚದುರಿದ ಕೆಲಸವನ್ನು ಸೆಕೆಂಡಿಗೆ ನೂರು ಚಿಲ್ಲರೆ ಮಾತ್ರ ಮಾಡಬಲ್ಲದು. ಮಂಡಿಪೇಟೆ ರಸ್ತೆ ಎಷ್ಟು ಅಗಲ ಇದ್ದರೇನು, ತಕ್ಕಡಿ ಒಂದೇ ಇದ್ದರೆ ಗಾಡಿಗಳು ನಿಲ್ಲಲೇಬೇಕು ಅಲ್ವಾ?

ಇಲ್ಲಿ ಎಲ್ಲರೂ ಹೇಳುವ ಸುಲಭದ ದಾರಿ ಒಂದಿದೆ: ಯಾವ ಫೋಲ್ಡರ್ ಹೇಗೆ ಹಂಚಬೇಕು ಅಂತ ಸರ್ವರ್‌ಗೆ ಹೇಳುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ 'ಸಿಂಕ್' ತೆಗೆದು 'ಎಸಿಂಕ್' ಹಾಕುವುದು. ವೇಗ ಬರುತ್ತದೆ, ಸುಳ್ಳಲ್ಲ. ಆದರೆ ಡೇಟಾ ಡಿಸ್ಕ್ ಸೇರುವ ಮೊದಲೇ ಸರ್ವರ್ "ಬರೆದಾಯ್ತು" ಅಂದುಬಿಡುತ್ತದೆ. ಅದೇ ಗಳಿಗೆಯಲ್ಲಿ ಸರ್ವರ್ ಆಫ್ ಆದರೆ ಆಗಷ್ಟೇ ಸೇವ್ ಮಾಡಿದ ವಿದ್ಯಾರ್ಥಿನಿಯ ಪ್ರೋಗ್ರಾಮ್ ಹೋಯಿತು, ಅವಳ ಸ್ಕ್ರೀನ್ ಮೇಲೆ ಮಾತ್ರ ಸೇವ್ ಆಗಿದೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಕರೆಂಟ್ ಹೇಗೆ ಆಟ ಆಡುತ್ತದೆ ಅಂತ ಈ ಕಡೆಯವರಿಗೆ ಗೊತ್ತು. ಯುಪಿಎಸ್ ಬ್ಯಾಟರಿಯನ್ನು ನಂಬಿ ಪರೀಕ್ಷೆ ನಡೆಸುವ ಧೈರ್ಯ ನನಗಿಲ್ಲ. ಸಿಂಕ್ ಹಾಗೇ ಇಟ್ಟೆ.

ಬದಲಿಗೆ ಹೋಮ್ ಫೋಲ್ಡರ್‌ಗಳನ್ನು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್‌ಗೆ ಹಾಕಿದೆ, ಸರ್ವರ್‌ನಲ್ಲಿ ಅದನ್ನು 'ನೋಎಟೈಮ್' ಕೊಟ್ಟು ಮೌಂಟ್ ಮಾಡಿದೆ; ಫೈಲ್ ಓದಿದಾಗೆಲ್ಲ ಆ ಸಮಯ ಬರೆದಿಡುವ ಕೆಲಸ ತಪ್ಪಿತು. ಜೊತೆಗೆ ಕ್ಯಾಶ್ ಎಲ್ಲಿರಬೇಕು ಅಂತ ಹೇಳುವ 'ಎಕ್ಸ್‌ಡಿಜಿ ಕ್ಯಾಶ್ ಹೋಮ್' ವೇರಿಯಬಲ್ ಬದಲಿಸಿ ಬ್ರೌಸರ್ ಕ್ಯಾಶ್ ಆಯಾ ಮೆಷಿನ್ನಿನ ಸ್ವಂತ ಡಿಸ್ಕ್‌ಗೇ ಹೋಗುವಂತೆ ಮಾಡಿದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಸರ್ವರ್ ಮೇಲಿನ ಭಾರ ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿಯಿತು. ಇಷ್ಟಾದ ಮೇಲೆ ಸರ್ವರ್‌ನಲ್ಲಿ ಒಟ್ಟೊಟ್ಟಿಗೆ ವಿನಂತಿ ನಿಭಾಯಿಸುವ ಎನ್‌ಎಫ್‌ಎಸ್ ಥ್ರೆಡ್‌ಗಳನ್ನು 8ರಿಂದ 32ಕ್ಕೆ ಏರಿಸಿದೆ. ಇದನ್ನು ಮೊದಲೇ ಮಾಡಲಿಲ್ಲ: ಡಿಸ್ಕ್ ತಿಣುಕಾಡುವಾಗ ಥ್ರೆಡ್ ಏರಿಸಿದರೆ ಕಾಯುವ ಸಾಲು ಬೇರೆ ಕಡೆ ಸೇರುತ್ತದೆ ಅಷ್ಟೇ.

ಲ್ಯಾಬ್ ಮೆಷಿನ್‌ಗಳ ಎಫ್‌ಸ್ಟ್ಯಾಬ್‌ನಲ್ಲಿ, ಅಂದರೆ ಮೌಂಟ್ ಸೆಟ್ಟಿಂಗ್ ಇರುವ ಫೈಲಿನಲ್ಲಿ, ಹಿಂದೆ ಯಾರೋ 'ಆರ್‌ಸೈಜ್' ಮತ್ತು 'ಡಬ್ಲ್ಯುಸೈಜ್' (ಒಂದು ಸಲಕ್ಕೆ ಎಷ್ಟು ಓದಬೇಕು, ಎಷ್ಟು ಬರೆಯಬೇಕು) ಎರಡನ್ನೂ 8192 ಬೈಟ್ ಅಂತ ಬರೆದಿಟ್ಟಿದ್ದರು. ಈಗಿನ ಲಿನಕ್ಸ್‌ನಲ್ಲಿ ಸರ್ವರ್ ಮತ್ತು ಕ್ಲೈಂಟ್ ತಾವೇ ಮಾತಾಡಿಕೊಂಡು 1 ಎಂಬಿವರೆಗೂ ಹೋಗುತ್ತವೆ. ಹಳೇ ಸಂಖ್ಯೆ ಸುಮ್ನೆ ಕಡಿವಾಣ. ಅಳಿಸಿ ಹಾಕಿದೆ.

ಕೊನೆಗೆ ಬ್ಯಾಚ್ ನಡೆಯುವಾಗಲೇ ಎನ್‌ಎಫ್‌ಎಸ್ ವಿನಂತಿಗಳ ಲೆಕ್ಕ ತೋರಿಸುವ ಎನ್‌ಎಫ್‌ಎಸ್‌ಸ್ಟ್ಯಾಟ್ ತೆಗೆದು ನೋಡಿದೆ. ಉತ್ತರ ಬಾರದೆ ಮತ್ತೆ ಕಳಿಸಬೇಕಾದ ವಿನಂತಿಗಳ ಲೆಕ್ಕ ಸೊನ್ನೆ. ಹೊಸ ಸ್ವಿಚ್‌ನ ಕೊಟೇಶನ್ ಪ್ರಿನ್ಸಿಪಾಲರ ಟೇಬಲ್ ಮೇಲಿತ್ತು, ವಾಪಸ್ ತಗೊಂಡು ಬಂದೆ.