ಹೈಸ್ಕೂಲು ಮಕ್ಕಳನ್ನು ಸಿಗರೇಟಿನಿಂದ ದೂರವಿಡಲು ಆ್ಯಪ್: ಏನು ನಡೆಯುತ್ತದೆ, ಎಲ್ಲಿ ಕೆಡುತ್ತದೆ

ಎಂಟರಿಂದ ಹತ್ತನೇ ತರಗತಿಯವರೆಗೆ ಸಿಗರೇಟಿನ ವಿಷಯಕ್ಕೆ ಆ್ಯಪ್ ಬಳಸುವುದಾದರೆ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಇನ್ನೂ ಸೇದದವರಿಗೆ ತೋರಿಸುವ ಆ್ಯಪ್ ಬೇರೆ, ಆಗಲೇ ಸೇದುತ್ತಿರುವವನಿಗೆ ಕೊಡುವ ಆ್ಯಪ್ ಬೇರೆ. ಒಂದು ತರಗತಿಯ ಎಲ್ಲರೆದುರು ನಡೆಯುವ ಕೆಲಸ, ಇನ್ನೊಂದು ಮೇಷ್ಟ್ರು ಮತ್ತು ಹುಡುಗ ಇಬ್ಬರ ನಡುವೆ ಮಾತ್ರ. ಎರಡನ್ನೂ ಒಂದೇ ಪೀರಿಯಡ್ಡಿಗೆ ತುರುಕಿದರೆ, ಸೇದುವವನು ಯಾರೆಂದು ಇಡೀ ತರಗತಿ ತಿರುಗಿ ನೋಡುತ್ತದೆ. ಆಮೇಲೆ ಅವನು ನಮ್ಮ ಹತ್ತಿರ ಸುಳಿಯುವುದೂ ಇಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ 13–15ರ ವಯಸ್ಸಿನ ವಿದ್ಯಾರ್ಥಿಗಳಲ್ಲಿ ತಂಬಾಕನ್ನು ಯಾವುದಾದರೊಂದು ರೂಪದಲ್ಲಿ ಬಳಸುತ್ತಿದ್ದವರು ಶೇ 8.5. ಐವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಂದಿ. ಉಳಿದವರು ಸೇದುವುದಿಲ್ಲ. ಹಾಗಾಗಿ ತರಗತಿಯ ಪಾಠವನ್ನು ಈ ಉಳಿದವರಿಗಾಗಿ ಕಟ್ಟಬೇಕು. ‘ನೀವೆಲ್ಲ ಹಾಳಾಗ್ತಿದ್ದೀರಿ’ ಎಂಬ ಧಾಟಿಯಲ್ಲಿ ಶುರು ಮಾಡಿದರೆ, ಎಲ್ಲರೂ ಸೇದುತ್ತಾರೆ ಎಂಬ ತಪ್ಪು ಲೆಕ್ಕವನ್ನು ನಾವೇ ಮಕ್ಕಳ ತಲೆಗೆ ಹಾಕಿದಂತಾಗುತ್ತದೆ.

ತರಗತಿಗೆ ಒಗ್ಗುವುದು ಮುಖವನ್ನು ವಯಸ್ಸಾಗಿಸುವ ಆ್ಯಪ್. ಇದರಲ್ಲಿ ಹೆಸರಾದದ್ದು ಸ್ಮೋಕರ್‌ಫೇಸ್. 2012ರಲ್ಲಿ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿಗಳು ಶಾಲೆಗಳಲ್ಲಿ ತಂಬಾಕಿನ ಬಗ್ಗೆ ಪಾಠ ಮಾಡಲು ಕಟ್ಟಿಕೊಂಡ ತಂಡದ ಬಳಗದಿಂದ ಬಂದದ್ದು. ಸೆಲ್ಫಿ ತೆಗೆದರೆ ಆ ಮುಖ ಕೆಲವು ವರ್ಷಗಳ ನಂತರ ಹೇಗಿರುತ್ತದೆ, ದಿನಕ್ಕೊಂದು ಪ್ಯಾಕ್ ಸೇದಿದರೆ ಹೇಗಿರುತ್ತದೆ ಎಂದು ಎರಡನ್ನೂ ತೋರಿಸುತ್ತದೆ. ಅದನ್ನು ಮಗು ಒಂಟಿಯಾಗಿ ನೋಡುವ ಬದಲು ಇಡೀ ತರಗತಿಗೆ ಪ್ರೊಜೆಕ್ಟರ್‌ನಲ್ಲಿ ತೋರಿಸುವುದೇ ಅವರ ವಿಧಾನ. ಬ್ರೆಜಿಲ್‌ನ ಇಟೌನಾ ನಗರದ ಶಾಲೆಗಳಲ್ಲೂ ಇದನ್ನು ಪ್ರಯೋಗಿಸಿ ನೋಡಿದ್ದಾರೆ. ಯಾವ ಆ್ಯಪ್ ಆದರೂ ಕ್ರಮ ಒಂದೇ. ಹದಿನಾಲ್ಕರ ಹುಡುಗನಿಗೆ ಐವತ್ತರಲ್ಲಿ ಬರುವ ಕ್ಯಾನ್ಸರ್ ಬೇರೆ ಯಾರದೋ ಕಥೆ. ತನ್ನದೇ ತುಟಿಯ ಸುತ್ತ ಸುಕ್ಕು ಬಿದ್ದದ್ದು ಹಾಗಲ್ಲ.

ಮೊಬೈಲನ್ನು ಪರದೆಗೆ ಜೋಡಿಸುವಲ್ಲೇ ಅರ್ಧ ಪೀರಿಯಡ್ ಕಳೆಯುವವರಿದ್ದಾರೆ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಟೈಪ್–ಸಿ ಕಿಂಡಿಯಿಂದ ವಿಡಿಯೊ ಹೊರಗೆ ಬರುವುದಿಲ್ಲ, ಚಾರ್ಜಿಂಗ್ ಮತ್ತು ಫೈಲ್ ವರ್ಗಾವಣೆ ಮಾತ್ರ. ಹಾಗಾಗಿ ಎಚ್‌ಡಿಎಂಐ ಅಡಾಪ್ಟರ್ ಕೊಂಡರೂ ಪರದೆ ಕಪ್ಪಗೇ ಇರುತ್ತದೆ. ಫೋನಿನಲ್ಲಿ ಕಾಣುವುದನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಸ್ಕ್ರೀನ್ ಕಾಪಿ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ (ಹುಡುಕುವಾಗ ಎಸ್–ಸಿ–ಆರ್–ಸಿ–ಪಿ–ವೈ ಎಂದು ಟೈಪ್ ಮಾಡಬೇಕು) ಮಾಮೂಲಿ ಯುಎಸ್‌ಬಿ ಕೇಬಲ್ ಸಾಕು. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗ್ಗಿಂಗ್ (ಕೇಬಲ್ ಮೂಲಕ ಫೋನನ್ನು ನಿಯಂತ್ರಿಸಲು ಲ್ಯಾಪ್‌ಟಾಪ್‌ಗೆ ಬಿಡುವ ಆಯ್ಕೆ) ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಇದು ವಿಂಡೋಸ್, ಉಬುಂಟು ಎರಡರಲ್ಲೂ ನಡೆಯುತ್ತದೆ, ವೈಫೈ ಬೇಕಿಲ್ಲ. ಮಕ್ಕಳ ಮೊಬೈಲೂ ಬೇಕಿಲ್ಲ. ಶಾಲೆಗೆ ಮೊಬೈಲ್ ತರಬಾರದು ಎಂದು ನಾವೇ ಹೇಳಿ, ಆ್ಯಪ್ ಹಾಕಿಕೊಂಡು ಬನ್ನಿ ಎಂದೂ ನಾವೇ ಹೇಳಿದರೆ ಏನು ಚೆಂದ?

ಬೆಳಕಿನದು ಇನ್ನೊಂದು ಕಾಟ. ಪ್ರೊಜೆಕ್ಟರಿಗೆ ಕತ್ತಲೆ ಬೇಕು, ಮುಖ ಗುರುತಿಸಲು ಆ್ಯಪ್‌ಗೆ ಬೆಳಕು ಬೇಕು. ಆದ್ದರಿಂದ ಫೋಟೊಗಳನ್ನು ಮೊದಲು, ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿ ತೆಗೆದುಕೊಳ್ಳಿ. ಆಮೇಲೆ ಕಿಟಕಿಗೆ ಪರದೆ ಎಳೆಯಿರಿ. ಕಿಟಕಿಗೆ ಬೆನ್ನು ಮಾಡಿದರೆ ಮುಖ ಕಪ್ಪಾಗಿ ಆ್ಯಪ್ ಕಣ್ಣು ಬಾಯಿಯ ಗುರುತುಗಳನ್ನು ತಪ್ಪು ಜಾಗದಲ್ಲಿ ಕೂರಿಸುತ್ತದೆ. ಕನ್ನಡಕ ತೆಗೆಸಿ, ಹಣೆಯ ಕೂದಲು ಹಿಂದೆ ಸರಿಸಿ, ಫೋನನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಿರಿ. ನಗಬಾರದು, ನಕ್ಕಾಗ ಬೀಳುವ ಗೆರೆಯನ್ನೂ ಆ್ಯಪ್ ಸುಕ್ಕು ಎಂದು ಹಿಗ್ಗಿಸಿಬಿಡುತ್ತದೆ.

ಮೊದಲ ಮುಖ ಮೇಷ್ಟ್ರದೇ ಆಗಿರಲಿ. ತರಗತಿ ಬಿದ್ದು ಬಿದ್ದು ನಗುತ್ತದೆ, ನಗಲಿ. ನಂತರ ತಾವಾಗಿ ಮುಂದೆ ಬಂದ ಮೂರು ನಾಲ್ಕು ಮಕ್ಕಳು ಸಾಕು. ಸಿಗರೇಟಿನ ವಾಸನೆಗೆ ಸಿಕ್ಕಿಬಿದ್ದವನನ್ನು ಎಬ್ಬಿಸಿ ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಹೆಣ್ಣುಮಕ್ಕಳ ಫೋಟೊವನ್ನು ನಾನು ಪರದೆಗೆ ಹಾಕುವುದಿಲ್ಲ. ಕೇಳಿದವರಿಗೆ ಫೋನಿನಲ್ಲೇ ತೋರಿಸಿ ಅವರ ಕಣ್ಣೆದುರೇ ಅಳಿಸುತ್ತೇನೆ.

ಬಣ್ಣದ ವಿಷಯ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಇಂಥ ಆ್ಯಪ್‌ಗಳ ವಿನ್ಯಾಸ ಹೆಚ್ಚಾಗಿ ಬಿಳಿ ಚರ್ಮಕ್ಕೆ ಒಗ್ಗುವಂಥದ್ದು. ನಮ್ಮ ಮಕ್ಕಳ ಮುಖಕ್ಕೆ ಹಾಕಿದಾಗ ಸುಕ್ಕಿಗಿಂತ ಮೊದಲು ಮಸುಕು, ಬೂದು ಬಣ್ಣ ಎದ್ದು ಕಾಣುತ್ತದೆ. ಹಿಂದಿನ ಬೆಂಚಿನಿಂದ ‘ಕರಿಯ ಆದ’ ಎಂಬ ಕೂಗು ಬಂದೇ ಬರುತ್ತದೆ. ಅಲ್ಲಿಗೆ ಪಾಠ ತಂಬಾಕಿನಿಂದ ಮೈಬಣ್ಣಕ್ಕೆ ಜಾರಿತು, ಕಪ್ಪಗಿರುವ ಮಕ್ಕಳು ತಲೆ ತಗ್ಗಿಸಿ ಕೂತರು. ಅದಕ್ಕೇ ಬಣ್ಣದ ಬಗ್ಗೆ ಒಂದಕ್ಷರವನ್ನೂ ಆಡದೆ ನೇರವಾಗಿ ಕೋಲನ್ನು ತುಟಿಯ ಮೇಲಿನ ಗೆರೆ, ಕಣ್ಣಿನ ಕೆಳಗಿನ ಚೀಲ, ಹಲ್ಲಿನ ಕಲೆಯ ಮೇಲಿಡಬೇಕು. ಅಲ್ಲಿಂದ ವಿಜ್ಞಾನಕ್ಕೆ ಹೋಗುವುದು ಸುಲಭ: ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಅಂಟಿ ಆಮ್ಲಜನಕದ ಜಾಗ ಹಿಡಿಯುತ್ತದೆ, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಒಡೆಯುತ್ತದೆ.

40 ನಿಮಿಷದ ಪೀರಿಯಡ್ಡಿನಲ್ಲಿ ಫೋಟೊಗೆ 8, ಪರದೆಗೆ 12, ಮಾತುಕತೆಗೆ 15, ಕೊನೆಗೆ ಚೀಟಿಗೆ 5. ಚೀಟಿ ಅಂದರೆ ಮಕ್ಕಳು ಪ್ರಶ್ನೆ ಬರೆದು ಕೊಡುವ, ಹೆಸರಿಲ್ಲದ ತುಂಡು ಕಾಗದ. ಎಲ್ಲರೂ ಏನಾದರೂ ಬರೆಯಲೇಬೇಕು, ಪ್ರಶ್ನೆ ಇಲ್ಲದವರು ಊಟಕ್ಕೆ ಏನು ತಿಂದೆ ಎಂದಾದರೂ ಬರೆಯಲಿ. ಬರೆಯುವವರು ಕೆಲವರೇ ಆದರೆ ಪಕ್ಕದವನಿಗೆ ಗೊತ್ತಾಗಿಬಿಡುತ್ತದೆ. ಮಾತಾಡಬೇಕೆನ್ನುವವರು ಯಾವಾಗ, ಎಲ್ಲಿಗೆ ಬರಬಹುದು ಎಂಬುದನ್ನು ತರಗತಿಗೆಲ್ಲ ಸಾಮಾನ್ಯವಾಗಿ ಹೇಳಿಟ್ಟರಾಯಿತು.

ಫೋಟೊಗಳ ಬಗ್ಗೆ ಸಡಿಲ ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ ಬೇಕು. ಪಾಲಕರ ಸಭೆಯಲ್ಲೇ ಸಹಿ ಹಾಕಿಸಿಕೊಳ್ಳಿ. ಆ್ಯಪ್ ಫೋಟೊವನ್ನು ಹೊರಗೆ ಕಳಿಸುತ್ತದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ: ಏರೋಪ್ಲೇನ್ ಮೋಡ್ ಹಾಕಿ ಓಡಿಸಿ. ಆಗ ಮುಖ ಬದಲಾಗದಿದ್ದರೆ ಫೋಟೊ ಹೊರಗಿನ ಸರ್ವರ್ ಕಂಪ್ಯೂಟರಿಗೆ ಹೋಗುತ್ತಿದೆ ಎಂದೇ ತಿಳಿಯಿರಿ, ಆ ಆ್ಯಪ್ ಬೇಡ. ಬದಲಾದರೆ ಅದೇ ಮೋಡ್‌ನಲ್ಲೇ ಇಡೀ ತರಗತಿ ಮುಗಿಸಿ. ಗೂಗಲ್ ಫೋಟೋಸ್ ಬ್ಯಾಕಪ್ ಮೊದಲೇ ಆಫ್ ಆಗಿರಲಿ; ಬ್ಯಾಕಪ್ ಆದ ಫೋಟೊ ಅಳಿಸಿದರೂ 60 ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತದೆ, ಆ ಬುಟ್ಟಿಯನ್ನೂ ಖಾಲಿ ಮಾಡಬೇಕು.

‘ಮನೆಗೆ ಹೋಗಿ ನೀವೂ ಹುಡುಕಿ ನೋಡಿ’ ಎಂದು ಹೇಳಲೇಬಾರದು. ಆ್ಯಪ್ ಅಂಗಡಿಯಲ್ಲಿ ಸಿಗರೇಟು ಎಂದು ಹುಡುಕಿದರೆ ಪರದೆಯ ಮೇಲೆ ಸಿಗರೇಟು ಹಚ್ಚಿ ಹೊಗೆ ಬಿಡಿಸುವ ಆಟಗಳೂ ಬರುತ್ತವೆ. ಸಿಗರೇಟಿನ ಪರವಾದ ಇಂಥ 107 ಆ್ಯಪ್‌ಗಳನ್ನು ಸಂಶೋಧಕರು 2012ರಲ್ಲೇ ಪಟ್ಟಿ ಮಾಡಿದ್ದರು.

ಇನ್ನು ಎರಡನೇ ಕೆಲಸ. ಹುಡುಗ ತಾನಾಗಿ ಬಂದಾಗ ಮೊದಲು ಕೇಳುವ ಪ್ರಶ್ನೆ, ‘ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕಪ್ಪಾ?’ ಅರ್ಧ ಗಂಟೆಯೊಳಗೆ ಎಂದರೆ ಚಟ ಬಲವಾಗಿದೆ, ಆ್ಯಪ್ ಸಾಲದು. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356 ಉಚಿತ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ನಿಕೋಟಿನ್ ಚ್ಯೂಯಿಂಗ್ ಗಮ್ ಅಂಗಡಿಯಲ್ಲಿ ಸಿಗುತ್ತದೆಂದು ಹುಡುಗರೇ ಕೊಂಡು ಅಗಿಯುವುದಲ್ಲ, ಈ ವಯಸ್ಸಿಗೆ ವೈದ್ಯರನ್ನು ಕೇಳಿಯೇ ಆಗಬೇಕು.

ವಾರಕ್ಕೆ ಎರಡೋ ಮೂರೋ ಸೇದುವವನಿಗೆ ದಾಖಲೆ ಇಡುವ ಆ್ಯಪ್ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಕ್ವಿಟ್‌ಸ್ಟಾರ್ಟ್ ಹದಿಹರೆಯದವರಿಗೆಂದೇ ಮಾಡಿದ್ದು, ಚಪಲ ಬರುವ ಜಾಗ ಮತ್ತು ಹೊತ್ತನ್ನು ಗುರುತು ಹಾಕಿಕೊಳ್ಳಬಹುದು. ಆದರೆ ಇಂಥ ಬಹಳ ಆ್ಯಪ್‌ಗಳು ‘ದಿನಕ್ಕೆ ಎಷ್ಟು ಪ್ಯಾಕ್, ಪ್ಯಾಕಿನ ಬೆಲೆ ಎಷ್ಟು’ ಎಂದು ಕೇಳುತ್ತವೆ. ನಮ್ಮ ಹುಡುಗರು ಕೊಳ್ಳುವುದು ಒಂಟಿ ಸಿಗರೇಟು. ಪ್ಯಾಕಿನಲ್ಲಿ 1, ಬೆಲೆ ಒಂದು ಸಿಗರೇಟಿನದು ಎಂದು ತುಂಬಿಸಿ. ಆದರೂ ಉಳಿತಾಯದ ಮೊತ್ತ ಚಿಲ್ಲರೆಯೇ. ಆ ಪುಟ ತೋರಿಸಿ ಹುರಿದುಂಬಿಸಲು ಹೋದರೆ ಹುಡುಗ ಒಳಗೊಳಗೇ ನಗುತ್ತಾನೆ. ಗುಟ್ಕಾಕ್ಕೆ ಹೆಚ್ಚಿನವುಗಳಲ್ಲಿ ಖಾನೆಯೇ ಇಲ್ಲ. 2019ರಿಂದ ನಿಷೇಧವಿರುವ ಇ–ಸಿಗರೇಟನ್ನು ಎಣಿಸುವುದಾದರೂ ಹೇಗೆ?

ನಿಜವಾದ ಲಾಭ ಇರುವುದು ಮೂರು ಕಾಲಮ್‌ಗಳಲ್ಲಿ: ಹೊತ್ತು, ಜಾಗ, ಜೊತೆಗಿದ್ದವರು. ಎರಡು ವಾರ ತುಂಬಿದರೆ ಜಾಡು ತಾನಾಗಿ ಕಾಣುತ್ತದೆ. ಶನಿವಾರ ಬೆಳಗಿನ ಶಾಲೆ ಬಿಟ್ಟು ಬಸ್ಸು ಬರುವವರೆಗಿನ ಖಾಲಿ ಹೊತ್ತು, ಟ್ಯೂಷನ್ ಮುಗಿದು ಮನೆ ಸೇರುವ ನಡುವಿನ ಹೊತ್ತು, ಹೀಗೆ. ಆಗ ಮಾತು ‘ಸಿಗರೇಟು ಬಿಡು’ ಎಂಬಲ್ಲಿಂದ ‘ಶನಿವಾರ ವಾಲಿಬಾಲ್‌ಗೆ ನಿಲ್ಲು, ಮುಂದಿನ ಬಸ್ಸಿಗೆ ಹೋಗು’ ಎಂಬಲ್ಲಿಗೆ ಇಳಿಯುತ್ತದೆ. ಚಪಲದ ಒಂದೊಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷದ್ದು. ಐದು ನಿಮಿಷದ ಟೈಮರ್ ಇಟ್ಟು ನೀರು ಕುಡಿದು ನಡೆದಾಡಿದರೆ ಕಳೆಯುತ್ತದೆ. ಬಿಟ್ಟ ಎರಡು ಮೂರನೇ ದಿನ ಸಿಡುಕು ಹೆಚ್ಚು ಎಂದು ಮೊದಲೇ ಹೇಳಿಟ್ಟರೆ ಹುಡುಗ ಗಾಬರಿಯಾಗುವುದಿಲ್ಲ.

ಎಡವಟ್ಟಾಗುವುದು ಫೋನು ಅಪ್ಪನದಾದಾಗ. ‘ಈಗ ಸೇದಬೇಕೆನಿಸುತ್ತಿದೆಯೇ?’ ಎಂಬ ನೋಟಿಫಿಕೇಷನ್ ಊಟದ ಹೊತ್ತಿಗೆ ಅಪ್ಪನ ಲಾಕ್ ಸ್ಕ್ರೀನ್ ಮೇಲೆ ಬಂದರೆ ಮುಂದಿನ ಕಥೆ ಹೇಳಬೇಕಿಲ್ಲ. ತಂಬಾಕು ಬಿಡಲು ಮೊಬೈಲ್ ಸಂದೇಶಗಳ ಮೂಲಕ ನೆರವಾಗುವ ಸರ್ಕಾರದ ಎಂ–ಸೆಸೇಷನ್ ಸೇವೆಗೆ (011-22901701ಕ್ಕೆ ಮಿಸ್ಡ್ ಕಾಲ್) ಬರುವ ಎಸ್‌ಎಂಎಸ್‌ಗಳದ್ದೂ ಇದೇ ತೊಡಕು. ಫೋನು ಹುಡುಗನದೇ ಅಲ್ಲದಿದ್ದರೆ ಆ್ಯಪ್ ಬಿಟ್ಟು ಅದೇ ಮೂರು ಕಾಲಮ್‌ಗಳನ್ನು ಅಂಗೈಯಗಲದ ರಟ್ಟಿನ ಮೇಲೆ ಗೆರೆ ಹಾಕಿ ಕೊಡಿ. ಮೇಲೆ ತಲೆಬರಹ ಬೇಡ. ‘ಹೊ, ಜಾ, ಜೊ’ ಎಂದಷ್ಟೇ ಇರಲಿ, ಕ್ರಿಕೆಟ್ ಸ್ಕೋರ್ ಎಂದುಕೊಳ್ಳುತ್ತಾರೆ.

ಅಂಗಡಿಯ ಕಡೆಗೂ ಫೋನು ಒಂದು ಕೆಲಸ ಮಾಡುತ್ತದೆ. ತಂಬಾಕು ಉತ್ಪನ್ನಗಳ ಕಾನೂನಿಗೆ ಕರ್ನಾಟಕ ತಂದ ತಿದ್ದುಪಡಿ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಬಿಡಿಯಾಗಿ ಸಿಗರೇಟು ಮಾರುವಂತಿಲ್ಲ, ಶಾಲೆಯಿಂದ 100 ಮೀಟರಿನೊಳಗೆ ಮಾರುವಂತಿಲ್ಲ. ಗೂಗಲ್ ಮ್ಯಾಪ್ಸ್‌ನಲ್ಲಿ ಶಾಲೆಯ ಕಾಂಪೌಂಡ್ ಮೇಲೆ ಬೆರಳು ಒತ್ತಿಹಿಡಿದು ‘ದೂರ ಅಳೆಯಿರಿ’ ಆಯ್ಕೆಯಿಂದ ಗೂಡಂಗಡಿಯವರೆಗೆ ಗೆರೆ ಎಳೆದರೆ ಮೀಟರು ಸಿಗುತ್ತದೆ. ಆ ಸ್ಕ್ರೀನ್‌ಶಾಟ್ ಜೊತೆಗೆ ಮುಖ್ಯ ಶಿಕ್ಷಕರ ಪತ್ರವನ್ನು ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಕೊಡಿ. ಅಳೆಯುವುದು, ಬರೆಯುವುದು ಎರಡೂ ದೊಡ್ಡವರ ಕೆಲಸ. ಅಂಗಡಿಯ ಫೋಟೊ ತೆಗೆಯಲು ಮಕ್ಕಳನ್ನು ಕಳಿಸಬೇಡಿ, ಸಂಜೆ ಅದೇ ಅಂಗಡಿಯ ಮುಂದೆ ಹಾದುಹೋಗುವವರು ಅವರೇ.